ಏಳು ಬಂದರೆ ಫೇಲು

ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ಬೇಸಿಗೆ ಬಂತೆಂದರೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರ. ಫ್ಯಾನ್ ತಿರುಗದ ಕೊಠಡಿ, ಕೆಂಪು ಪೆನ್ನು, ಎದುರಿಗೆ ಉತ್ತರ ಪತ್ರಿಕೆಗಳ ಕಟ್ಟು. 34 ಬಂದ ಹುಡುಗನಿಗೆ ಎಲ್ಲಾದರೂ ಇನ್ನೊಂದು ಮಾರ್ಕು ಸಿಗುತ್ತದಾ ಅಂತ ಪುಟ ತಿರುವಿ ತಿರುವಿ ಹುಡುಕಿದ್ದೇನೆ. ಏನೂ ಸಿಗದಿದ್ದರೆ ಅಕ್ಷರ ದುಂಡಗಿದೆ ಅಂತ ಒಂದು ಕೊಟ್ಟು, 35 ಮಾಡಿ ದಡ ಸೇರಿಸಿದ್ದೇನೆ. ಈಗ ಸರ್ಕಾರ ಒಟ್ಟಾರೆ ಪಾಸಿನ ಮಿತಿಯನ್ನೂ ಶೇಕಡಾ 33ಕ್ಕೆ ಇಳಿಸಿದೆ, ಅದು ಬೇರೆ ಮಾತು. ಒಟ್ಟಿನಲ್ಲಿ ಮಾರ್ಕಿನ ವಿಷಯ ನನಗೆ ಗೊತ್ತು ಅಂದುಕೊಂಡಿದ್ದೆ.

ಹೋದ ತಿಂಗಳು ಅಕ್ಕನ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಓದುತ್ತಾನೆ. ಹಾಗಂತ ಅಕ್ಕ ನಂಬಿದ್ದಾಳೆ. ಕಾಫಿ ಆರಿಹೋಗುತ್ತಿದ್ದರೂ ಮುಟ್ಟದೆ, ಫೋನ್ ಹಿಡಿದು, ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದ. ಏನಾಯ್ತೋ ಅಂದೆ. ವರ್ಷಗಟ್ಟಲೆ ಕಾದಿದ್ದ ವಿಡಿಯೊ ಗೇಮ್ ಒಂದರ ವಿಮರ್ಶೆ ಬಂದಿದೆಯಂತೆ.

"ಎಷ್ಟು ಕೊಟ್ಟಿದ್ದಾರೆ?"

"ಹತ್ತಕ್ಕೆ ಏಳು, ಮಾವ."

"ಒಳ್ಳೇದೇ ಆಯ್ತಲ್ಲೋ. ಫಸ್ಟ್ ಕ್ಲಾಸು!"

ಅವನು ನನ್ನನ್ನು ಪಾಪ ಅನ್ನುವ ಹಾಗೆ ನೋಡಿದ. "ಮಾವ, ಏಳು ಅಂದ್ರೆ ಗೋವಿಂದ."

ಆಮೇಲೆ ನನಗೆ ಪಾಠ ಶುರುವಾಯಿತು. ಹತ್ತು ಅಂದರೆ ಯುಗಕ್ಕೊಮ್ಮೆ ಬರುವಂಥದ್ದು, ಅಂದರೆ ಎರಡು ಮೂರು ತಿಂಗಳಿಗೊಂದು. ಒಂಬತ್ತು ಅಂದರೆ ಆಡಬಹುದು. ಎಂಟು ಅಂದರೆ ಡಿಸ್ಕೌಂಟ್ ಬಂದಾಗ ನೋಡೋಣ. ಏಳು ಅಂದರೆ ಸೂತಕದ ಮನೆ. ಹಾಗಾದರೆ ಒಂದರಿಂದ ಆರರವರೆಗೆ ಏನಿದೆ ಅಂದೆ. "ಅದು ಇರುತ್ತೆ ಮಾವ, ಸುಮ್ನೆ" ಅಂದ. ಹತ್ತು ಕೋಣೆಯ ಮನೆ ಕಟ್ಟಿಸಿ, ಆರಕ್ಕೆ ಬೀಗ ಜಡಿದು, ಇಡೀ ಸಂಸಾರ ಅಟ್ಟದ ಮೇಲೆ ಒತ್ತಿಕೊಂಡು ಮಲಗಿದ ಹಾಗೆ ಕಂಡಿತು ನನಗೆ.

ಹುಡುಗ ಉತ್ಪ್ರೇಕ್ಷೆ ಮಾಡುತ್ತಿದ್ದಾನೆ ಅಂದುಕೊಂಡು ನಾನೇ ಹುಡುಕಿ ನೋಡಿದೆ. ಮಾಡಿರಲಿಲ್ಲ. ಐಜಿಎನ್ ಅಂತ ಒಂದು ದೊಡ್ಡ ವಿಮರ್ಶೆಯ ಅಂಗಡಿ ಇದೆ. ಅವರ ಪಟ್ಟಿಯಲ್ಲಿ ಏಳರ ಎದುರಿಗೆ 'ಗುಡ್' ಅಂತಲೇ ಬರೆದಿದೆ. ಆದರೂ 2023ರಲ್ಲಿ ಅವರು 'ಸ್ಟಾರ್‌ಫೀಲ್ಡ್' ಆಟಕ್ಕೆ ಆ ಗುಡ್ ಕೊಟ್ಟಾಗ ಅಭಿಮಾನಿಗಳು ಎದೆ ಬಡಿದುಕೊಂಡರು. ಇನ್ನು ಎಲ್ಲ ವಿಮರ್ಶಕರ ಮಾರ್ಕು ಕೂಡಿಸಿ ನೂರಕ್ಕೆ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಇದೆಯಲ್ಲ, ಅಲ್ಲಿಯದು ಇನ್ನೂ ಚೆಂದ. ಸಿನಿಮಾಕ್ಕೆ 61 ಬಂದರೆ ಹಸಿರು ಬಣ್ಣ. ಗೇಮಿಗೆ ಹಸಿರು ಬೇಕಾದರೆ 75 ಬರಬೇಕು. ಒಂದೇ ಶಾಲೆ, ಒಂದೇ ಗಂಟೆ, ಆದರೆ ಎ ಸೆಕ್ಷನ್‌ಗೆ ಒಂದು ಪಾಸ್ ಮಾರ್ಕು, ಬಿ ಸೆಕ್ಷನ್‌ಗೆ ಇನ್ನೊಂದು. ಸಾಲದ್ದಕ್ಕೆ ಯಾವ ಮೇಷ್ಟ್ರ ಮಾರ್ಕಿಗೆ ಎಷ್ಟು ತೂಕ ಅನ್ನುವುದನ್ನೂ ಅವರು ಹೊರಗೆ ಬಿಡುವುದಿಲ್ಲ. ನಮ್ಮ ಕೇಂದ್ರದಲ್ಲಿ ಹೀಗೆ ಮಾಡಿದ್ದರೆ ಪೋಷಕರು ಗೇಟು ಮುರಿದು ಒಳಗೆ ಬರುತ್ತಿದ್ದರು.

ಇಲ್ಲೂ ಬರುತ್ತಾರೆ. 2013ರ ಸೆಪ್ಟೆಂಬರಿನಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೊ 5' ಬಂತು. ಗೇಮ್‌ಸ್ಪಾಟ್ ಅನ್ನುವ ಇನ್ನೊಂದು ವಿಮರ್ಶೆಯ ಸೈಟಿನ ವಿಮರ್ಶಕಿ ಅದನ್ನು ಹೊಗಳಿ, ಹೆಂಗಸರನ್ನು ಕೀಳಾಗಿ ತೋರಿಸಿದ್ದು ಸರಿಯಿಲ್ಲ ಅಂತಲೂ ಹೇಳಿ, ಮಾರ್ಕು ಕೊಟ್ಟರು. ಎಷ್ಟು? ಹತ್ತಕ್ಕೆ ಒಂಬತ್ತು. ಅಷ್ಟಕ್ಕೆ ಅವರನ್ನು ಕೆಲಸದಿಂದ ತೆಗೆಯಬೇಕು ಅಂತ ಅರ್ಜಿ ಹುಟ್ಟಿತು. ಸಹಿ ಹಾಕಿದವರು 20 ಸಾವಿರಕ್ಕೂ ಜಾಸ್ತಿ. ನಮ್ಮಲ್ಲೂ 625ಕ್ಕೆ 624 ಬಂದರೆ ಆ ಒಂದು ಮಾರ್ಕು ಎಲ್ಲಿ ಹೋಯಿತು ಅಂತ ಕೇಳುವ ಅಪ್ಪಂದಿರು ಇದ್ದಾರೆ. ಆದರೆ ಅವರು ಕೇಳುವುದು ಸ್ವಂತ ಮಗನ ಮಾರ್ಕು. ಇಲ್ಲಿ ಸಹಿ ಹಾಕಿದವರಿಗೆ ಕಂಪನಿ ಸ್ವಂತದ್ದಲ್ಲ, ಲಾಭ ಅವರಿಗಿಲ್ಲ, ವಿಮರ್ಶೆ ಬಂದ ದಿನ ಆಟ ಇನ್ನೂ ಅಂಗಡಿಗೇ ಬಂದಿರಲಿಲ್ಲ. ಓದದೆ ಇರುವ ಪತ್ರಿಕೆಗೆ ಮರುಮೌಲ್ಯಮಾಪನ ಕೇಳಿದವರನ್ನು ನನ್ನ ಸರ್ವಿಸಿನಲ್ಲಿ ನಾನು ಕಂಡಿಲ್ಲ.

2017ರಲ್ಲಿ 'ಜೆಲ್ಡಾ'ದ ಹೊಸ ಆಟಕ್ಕೆ ಎಲ್ಲರೂ ಹತ್ತು ಹತ್ತು ಅಂತ ಸುರಿಯುತ್ತಿದ್ದಾಗ ಒಬ್ಬ ವಿಮರ್ಶಕರು ಏಳು ಕೊಟ್ಟರು. ಸರಾಸರಿ 98 ಇದ್ದದ್ದು 97ಕ್ಕೆ ಜಾರಿತು. ಸಿಟ್ಟಾದವರು ದಾಳಿ ಮಾಡಿ ಅವರ ವೆಬ್‌ಸೈಟನ್ನೇ ಬೀಳಿಸಿದರು. ಪರೀಕ್ಷೆ ಮುಗಿದ ಮೇಲೆ ಬಸ್ಸಿಗೆ ಕಲ್ಲು ಹೊಡೆಯುವ ಹುಡುಗರನ್ನು ನೋಡಿದ್ದೇನೆ. ಅವರು ಫೇಲಾಗುವವರು. 97 ಬಂದಿದ್ದಕ್ಕೆ ಕಲ್ಲು ಹೊಡೆದದ್ದು ಇದೇ ಮೊದಲು.

ಹಾಗಂತ ಮೇಷ್ಟ್ರುಗಳೆಲ್ಲ ಸಾಚಾ ಅಂತಲ್ಲ. 2014ರಲ್ಲಿ ಒಂದು ಪೋಕೆಮಾನ್ ಆಟಕ್ಕೆ ಐಜಿಎನ್ 7.8 ಕೊಟ್ಟು, ಕೊರತೆಗಳ ಪಟ್ಟಿಯಲ್ಲಿ 'ನೀರು ಜಾಸ್ತಿ' ಅಂತ ಬರೆಯಿತು. ಆ ಆಟ ನಡೆಯುವ ಪ್ರದೇಶದಲ್ಲಿ ಅರ್ಧಕ್ಕರ್ಧ ಸಮುದ್ರವೇ. ನೀರು ಜಾಸ್ತಿಯಾಯಿತು ಅಂತ ಹಾಲಿನವನನ್ನು ಬೈಯಬಹುದು, ಸಮುದ್ರವನ್ನು ಬೈಯೋದು ಹೇಗೆ? ಅದಕ್ಕಿಂತ ನನ್ನನ್ನು ಕಾಡಿದ್ದು ಆ ದಶಮಾಂಶ. 7.8. ಅಂದರೆ 7.7 ಅಲ್ಲ, 7.9 ಕೂಡ ಅಲ್ಲ. ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ತೂಗಿದ್ದರೋ ಏನೋ. ನಾನು ಅರ್ಧ ಮಾರ್ಕು ಕೊಡುವುದಕ್ಕೇ ಎರಡು ಸಲ ಯೋಚಿಸುತ್ತಿದ್ದೆ.

ಇಷ್ಟಕ್ಕೂ ಈ ಅಂಕಿ ಯಾರಿಗಾಗಿ? ಕೊಳ್ಳುವವರಿಗಾಗಿ ಅಂತ ನಾನು ತಿಳಿದಿದ್ದೆ. ಹುಡುಗ ಆಟ ಕೊಳ್ಳುವುದನ್ನು ನೋಡಿದ ಮೇಲೆ ಆ ಭ್ರಮೆ ಹೋಯಿತು. ಅವನು ದುಡ್ಡು ಮೊದಲು ಕಟ್ಟಿದ್ದ, ವಿಮರ್ಶೆ ಆಮೇಲೆ ಓದಿದ. ತಾಳಿ ಕಟ್ಟಿಯಾದ ಮೇಲೆ ಜಾತಕ ತೋರಿಸಿದ ಹಾಗೆ. ಇನ್ನು ಹತ್ತಕ್ಕೆ ಹತ್ತು ಗುಣ ಕೂಡಿದೆ ಅಂತ ಜೋಯಿಸರು ಹೇಳಲೇಬೇಕು. ಏಳು ಅಂದರೆ ಅವರ ತಲೆ ಒಡೆಯುತ್ತಾರೆ.

ಆದರೆ ಈ ಅಂಕಿಯಿಂದ ನಿಜವಾಗಿ ಬದುಕು ಅಲ್ಲಾಡುವವರೂ ಇದ್ದಾರೆ. 2010ರಲ್ಲಿ ಅಬ್ಸಿಡಿಯನ್ ಅನ್ನುವ ಸ್ಟುಡಿಯೊ 'ಫಾಲ್ಔಟ್: ನ್ಯೂ ವೇಗಸ್' ಮಾಡಿತು. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಅಂತ ಒಪ್ಪಂದ. ಬಂದದ್ದು 84. ಬೋನಸ್ ಇಲ್ಲ. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಒಂದೇ ಒಂದು ಮಾರ್ಕು! ಅಲ್ಲಿ ದುಂಡಗಿನ ಅಕ್ಷರ ನೋಡುವ ಮೇಷ್ಟ್ರು ಒಬ್ಬರೂ ಇರಲಿಲ್ಲವಾ? ಇವತ್ತಿಗೂ ಜನ ಆ ಆಟವನ್ನು ಹುಡುಕಿಕೊಂಡು ಹೋಗಿ ಆಡುತ್ತಾರೆ. ಮಾಡಿದವರ ಜೇಬಿಗೆ ಮಾತ್ರ ಆ ಒಂದು ಮಾರ್ಕಿನ ತೂತು.

2007ರದ್ದು ಇನ್ನೂ ದೊಡ್ಡ ಕತೆ. 'ಕೇನ್ ಆಂಡ್ ಲಿಂಚ್' ಅನ್ನುವ ಆಟದ ಜಾಹೀರಾತು ಗೇಮ್‌ಸ್ಪಾಟ್‌ನ ಪುಟದ ತುಂಬ ಹರಡಿತ್ತು. ಅದೇ ಪುಟದಲ್ಲಿ ಅವರದೇ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ಆ ಆಟಕ್ಕೆ ಆರು ಕೊಟ್ಟರು. ಸ್ವಲ್ಪ ದಿನಕ್ಕೇ ಅವರ ಕೆಲಸ ಹೋಯಿತು. ಜಾಹೀರಾತಿನವರ ಕೋಪವೇ ಕಾರಣ ಅಂತ 2012ರಲ್ಲಿ ಅವರೇ ಬಾಯಿಬಿಟ್ಟರು. ಬಾಯಿಬಿಡಲು ಅಷ್ಟು ವರ್ಷ ಯಾಕೆ ಅಂದರೆ, ಅಲ್ಲಿಯವರೆಗೆ ಬಾಯಿಬಿಡಬಾರದು ಅಂತ ಒಪ್ಪಂದ ಇತ್ತು. ಅದು ಬಿದ್ದುಹೋದದ್ದು, ಅವರು ಹೊರಗೆ ಬಂದು ಕಟ್ಟಿದ ಜಯಂಟ್ ಬಾಂಬ್ ಅನ್ನುವ ಸೈಟನ್ನು ಆ ವರ್ಷ ಗೇಮ್‌ಸ್ಪಾಟ್‌ನ ಒಡೆಯರೇ ಕೊಂಡುಕೊಂಡಾಗ. ಮದುವೆ ಊಟದಲ್ಲಿ ಕೂತು, ಬೀಗರ ಹೋಳಿಗೆಗೆ ಬೆಲ್ಲ ಕಡಿಮೆ ಅಂದವನನ್ನು ಎಬ್ಬಿಸಿ ಕಳಿಸಿ, ಐದು ವರ್ಷದ ನಂತರ ಅವನನ್ನೇ ಕರೆದು ಅಳಿಯ ಮಾಡಿಕೊಂಡ ಹಾಗೆ.

ಕಂಪನಿಗಳೂ ಬುದ್ಧಿ ಕಲಿತಿವೆ. 2020ರ ಡಿಸೆಂಬರಿನಲ್ಲಿ 'ಸೈಬರ್‌ಪಂಕ್ 2077' ಬಂತಲ್ಲ, ಆಗ ವಿಮರ್ಶಕರಿಗೆ ಮೊದಲೇ ಕೊಟ್ಟದ್ದು ಕಂಪ್ಯೂಟರ್‌ನಲ್ಲಿ ಆಡುವ ಪ್ರತಿ ಮಾತ್ರ. ಆಟದ ದೃಶ್ಯವನ್ನು ತಾವೇ ಹಿಡಿದು ತೋರಿಸುವ ಹಾಗೂ ಇಲ್ಲ, ಕಂಪನಿ ಕೊಟ್ಟ ವಿಡಿಯೊವನ್ನೇ ಹಾಕಬೇಕು. ಮಾರ್ಕು ಸುರಿಯಿತು. ಆಮೇಲೆ ಸೋನಿ ಕಂಪನಿಯ ಆಟದ ಯಂತ್ರ ಪ್ಲೇಸ್ಟೇಷನ್, ಅದರ ಹಳೇದು ಇದ್ದವರು ಆಟ ಹಾಕಿದರೆ ಮನುಷ್ಯರ ಮುಖ ಮೇಣದ ಹಾಗೆ, ಆಟ ಮಧ್ಯದಲ್ಲೇ ಠುಸ್. ಒಂದು ವಾರಕ್ಕೆ ಸೋನಿಯವರು ಅದನ್ನು ತಮ್ಮ ಆನ್‌ಲೈನ್ ಅಂಗಡಿಯಿಂದಲೇ ಎತ್ತಿಟ್ಟರು, ವಾಪಸ್ ಇಟ್ಟದ್ದು ಮರುವರ್ಷ ಜೂನ್‌ನಲ್ಲಿ. ಇದು ನನಗೆ ಹೊಸದಲ್ಲ. ಇನ್‌ಸ್ಪೆಕ್ಷನ್ ದಿನ ದಡ್ಡ ಹುಡುಗರಿಗೆ ರಜೆ ಕೊಟ್ಟು, ಮುಂದಿನ ಬೆಂಚಿನ ಇಬ್ಬರನ್ನೇ ಎಬ್ಬಿಸಿ ಎಬ್ಬಿಸಿ ಮಗ್ಗಿ ಹೇಳಿಸಿದವರು ನಾವು. ಇನ್‌ಸ್ಪೆಕ್ಟರು ತುಂಬ ಖುಷಿಯಿಂದ ಹೋಗುತ್ತಿದ್ದರು.

ಇನ್ನು ಮೇಷ್ಟ್ರು ಬೇಡ, ಆಡಿದ ಜನರೇ ಮಾರ್ಕು ಕೊಡಲಿ ಅಂದರೆ? ಅದೂ ಆಗಿದೆ. 2020ರ ಜೂನ್ 19ಕ್ಕೆ 'ದ ಲಾಸ್ಟ್ ಆಫ್ ಅಸ್ 2' ಬಂತು. ಮುಗಿಸಲು ಇಪ್ಪತ್ತು ಇಪ್ಪತ್ತೈದು ಗಂಟೆ ಬೇಕು. ಕೆಲವೇ ಗಂಟೆಯಲ್ಲಿ ಸಾವಿರಾರು ಜನ ಸೊನ್ನೆ ಸುತ್ತಿ ಕೂತಿದ್ದರು. ಮೆಟಾಕ್ರಿಟಿಕ್‌ನವರು ಸುಸ್ತಾಗಿ, ಇನ್ನು ಮೇಲೆ ಆಟ ಬಂದು 36 ಗಂಟೆಯಾಗುವ ತನಕ ಬಾಯಿ ಮುಚ್ಚಿಕೊಂಡಿರಿ ಅಂತ ನಿಯಮ ಮಾಡಿದರು. ಅಷ್ಟು ಹೊತ್ತಾದರೂ ಆಡಿ ಅನ್ನುವ ಧೈರ್ಯ ಅವರಿಗೂ ಬರಲಿಲ್ಲ.

ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಮಾರ್ಕಿಲ್ಲ, ಹೆಬ್ಬೆಟ್ಟು ಮಾತ್ರ. ಮೇಲೆ ಅಥವಾ ಕೆಳಗೆ. ಪಕ್ಕದಲ್ಲಿ ಎಷ್ಟು ಗಂಟೆ ಆಡಿದ್ದಾರೆ ಅಂತಲೂ ತೋರಿಸುತ್ತದೆ. ಎರಡು ಸಾವಿರ ಗಂಟೆ ಆಡಿ, ದಯವಿಟ್ಟು ಇದನ್ನು ಕೊಳ್ಳಬೇಡಿ ಅಂತ ಬರೆದ ಮಹಾನುಭಾವರು ಅಲ್ಲಿ ಸಿಗುತ್ತಾರೆ. ನನಗೆ ಅವರು ಗೊತ್ತು. ನಮ್ಮ ಬೀದಿಯ ಕೊನೆಯ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ನಾಲ್ಕು ಇಡ್ಲಿ ತಿಂದು, ಕೈ ತೊಳೆದು, ಇಲ್ಲಿ ಇಡ್ಲಿ ಸರಿಯಿಲ್ಲ ಕಣ್ರೀ ಅಂತ ಹೇಳಿ ಹೋಗುತ್ತಾರೆ.

ಸ್ಟೀಮ್‌ನಲ್ಲಿ ಕೆಳಗಿನ ಹೆಬ್ಬೆಟ್ಟು ನಿಜವಾಗಿ ಕೆಲಸ ಮಾಡಿದ್ದೂ ಉಂಟು. 2024ರ ಮೇನಲ್ಲಿ 'ಹೆಲ್‌ಡೈವರ್ಸ್ 2' ಆಡಬೇಕಾದರೆ ಕಂಪ್ಯೂಟರಿನವರೂ ಪ್ಲೇಸ್ಟೇಷನ್ ಖಾತೆ ಮಾಡಿಕೊಳ್ಳಲೇಬೇಕು ಅಂತ ಸೋನಿ ಹೇಳಿತು. ಆ ಖಾತೆಯೇ ಸಿಗದ ದೇಶಗಳು ನೂರಕ್ಕೂ ಹೆಚ್ಚು. ಮೂರ್ನಾಲ್ಕು ದಿನದಲ್ಲಿ 2 ಲಕ್ಷಕ್ಕೂ ಮೇಲೆ ಹೆಬ್ಬೆಟ್ಟು ಕೆಳಗಾಯಿತು. ಸೋನಿ ಹಿಂದೆ ಸರಿಯಿತು. ಆಟ ಮಾಡಿದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಬೈಗುಳದ ಗ್ರಾಫನ್ನೇ ಆಟದೊಳಗೆ ಹೆಗಲಿಗೆ ಹಾಕಿಕೊಳ್ಳುವ ವಸ್ತ್ರದ ಮೇಲೆ ಬಿಡಿಸಿದರು. ಬೈದವರಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದು ಕನ್ನಡ ನಾಡಿನಲ್ಲಿ ಮಾತ್ರ ಅಂತ ನಾನು ತಿಳಿದಿದ್ದೆ. ಹಾರ, ಹಣ್ಣಿನ ಬುಟ್ಟಿ ಒಂದು ಬಾಕಿ.

ಹೀಗೇ ಹುಡುಕುತ್ತಾ ಹೋದವನಿಗೆ ಒಂದು ಕಡೆ ನೆಮ್ಮದಿ ಸಿಕ್ಕಿತು. 2003ರ 'ಬಿಗ್ ರಿಗ್ಸ್'. ಲಾರಿ ರೇಸು. ಲಾರಿ ಬೆಟ್ಟದೊಳಗೆ ನುಗ್ಗಿ ಆಚೆ ಬರುತ್ತದೆ. ಸೇತುವೆ ಮೇಲೆ ಹೋದರೆ ಸೇತುವೆಯೊಳಗೇ ಇಳಿಯುತ್ತದೆ. ರಿವರ್ಸ್ ಗೇರಿಗೆ ವೇಗದ ಮಿತಿಯೇ ಇಲ್ಲ. ಎದುರಾಳಿಯ ಲಾರಿ ನಿಂತಲ್ಲಿಂದ ಕದಲುವುದಿಲ್ಲ. ಗೆದ್ದ ಮೇಲೆ ಬರುವ ಅಭಿನಂದನೆಯಲ್ಲೂ ವ್ಯಾಕರಣ ತಪ್ಪು: 'ಯು ಆರ್ ವಿನ್ನರ್'. ಗೇಮ್‌ಸ್ಪಾಟ್ ಅದಕ್ಕೆ ಹತ್ತಕ್ಕೆ ಒಂದು ಕೊಟ್ಟಿತು. ಅಬ್ಬಾ, ಕೊನೆಗೂ ಬೀಗ ಹಾಕಿದ್ದ ಕೋಣೆಗಳಲ್ಲಿ ಒಂದನ್ನು ಯಾರೋ ತೆಗೆದಿದ್ದಾರೆ ಅನ್ನಿಸಿತು. ನನ್ನ ಪತ್ರಿಕೆಯಾಗಿದ್ದರೆ, ಹಾಜರಾಗಿದ್ದಕ್ಕೆ ಇನ್ನೆರಡು ಸೇರಿಸುತ್ತಿದ್ದೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಏಳು ಬಂದ ಆ ಆಟ ಅಷ್ಟು ಹೊತ್ತಿಗೆ ಡೌನ್‌ಲೋಡ್ ಆಗಿತ್ತು. ನಾಲ್ಕು ಸಾವಿರ ಚಿಲ್ಲರೆ ಕೊಟ್ಟಿದ್ದಾನೆ, ಅಕ್ಕನಿಗೆ ಹೇಳಬೇಡಿ. "ಮಾವ, ನೀವೇ ಆಡಿ ನೋಡಿ. ಆಮೇಲೆ ಮಾತಾಡೋಣ" ಅಂತ ಕಂಟ್ರೋಲರನ್ನು ಕೈಗೆ ಕೊಟ್ಟ.

ಆಡಿದೆ. ಒಂದು ಗಂಟೆಯಲ್ಲಿ ಏಳು ಸಲ ಹೊಳೆಗೆ ಬಿದ್ದೆ. ಕುದುರೆ ಹತ್ತಲು ಹೋಗಿ ಕುದುರೆಗೇ ಕತ್ತಿ ಬೀಸಿದೆ. ಊರಿನವರೆಲ್ಲ ಅಟ್ಟಿಸಿಕೊಂಡು ಬಂದರು. ಆದರೆ ಸಂಜೆ ಬಿಸಿಲು ಗದ್ದೆಯ ಮೇಲೆ ಬೀಳುವುದನ್ನು ಬಹಳ ಚೆನ್ನಾಗಿ ಮಾಡಿದ್ದಾರೆ, ಅದನ್ನು ನಿಂತು ನೋಡುವಾಗಲೂ ಯಾರೋ ಹಿಂದಿನಿಂದ ಬಂದು ಹೊಡೆದರು. ಕೆಂಪು ಪೆನ್ನು ತೆಗೆದು ಪಟ್ಟಿ ಮಾಡಿದೆ. ಬಿಸಿಲಿಗೆ ಎರಡು, ಹೊಳೆಗೆ ಒಂದು, ಸಂಗೀತಕ್ಕೆ ಒಂದೂವರೆ, ಕುದುರೆಯ ತಾಳ್ಮೆಗೆ ಒಂದೂವರೆ.

"ಎಷ್ಟು ಮಾವ?"

"ಆರು."

ಅವನ ಮುಖ ನೋಡಲಾಗಲಿಲ್ಲ. ರೀವ್ಯಾಲ್ಯುಯೇಷನ್ ಹಾಕ್ತೀನಿ ಅಂದ. ಫೀಸು ಕಟ್ಟು ಅಂದೆ. ಎದ್ದು ಹೋಗಿ ಬಿಸಿ ಕಾಫಿ ಮಾಡಿಸಿಕೊಂಡು ಬಂದ. ಆರೂವರೆ ಮಾಡಿದೆ. ಮತ್ತೆ ಒಳಗೆ ಹೋದ, ಡಬ್ಬಿಯಿಂದ ಚಕ್ಕುಲಿ ತಂದ. ಗರಿಗರಿಯಾಗಿತ್ತು. ಇನ್ನರ್ಧ ಸೇರಿಸಿ ಹಾಳೆಯನ್ನು ಅವನ ಕೈಗೆ ಕೊಟ್ಟೆ.

ಅವನು ಓದಿ, ಚಕ್ಕುಲಿ ತಟ್ಟೆಯನ್ನು ವಾಪಸ್ ಎಳೆದುಕೊಂಡ.