ಎಫ್‌ಸಿ ಕರೆಂಟ್

ಹಳೇ ಜೀಪು ಮಾರುವವರ ಹತ್ತಿರ ಎಲ್ಲ ಪ್ರಶ್ನೆಗೂ ಒಂದೇ ಉತ್ತರವಿರುತ್ತದೆ: ‘ಎಫ್‌ಸಿ ಕರೆಂಟ್ ಇದೆ ಸಾರ್.’ ಅಂದರೆ, ಗಾಡಿ ಓಡಲು ಯೋಗ್ಯವೆಂದು ಆರ್‌ಟಿಒ ಕೊಡುವ ಫಿಟ್‌ನೆಸ್ ಸರ್ಟಿಫಿಕೇಟಿನ ಅವಧಿ ಇನ್ನೂ ಮುಗಿದಿಲ್ಲ. ಬ್ರೇಕ್ ಹೇಗಿದೆ ಎಂದರೂ ಅದೇ, ಚಾಸಿ ತುಕ್ಕು ಹಿಡಿದಿದೆಯಾ ಎಂದರೂ ಅದೇ. ಎಫ್‌ಸಿ ಆದದ್ದು ಯಾವಾಗ, ಆಗ ಏನೇನು ರಿಪೇರಿ ಮಾಡಿಸಿದಿರಿ ಎಂದು ಇನ್ನೊಂದು ಹೆಜ್ಜೆ ಮುಂದೆ ಹೋದಿರೋ, ಇವರು ಜೀಪು ನೋಡಲು ಬಂದದ್ದೋ ಮಹಜರು ಮಾಡಲು ಬಂದದ್ದೋ ಎಂಬಂತೆ ಮುಖ ನೋಡುತ್ತಾರೆ.

ಕೇಳಲೇಬೇಕು. ಬಿಳಿ ಬೋರ್ಡಿನ ಜೀಪಿಗೆ ಮೊದಲ ನೋಂದಣಿ 15 ವರ್ಷದ್ದು. ಆಮೇಲೆ ಫಾರಂ 25 ತುಂಬಿ, ಗಾಡಿ ತೋರಿಸಿ, ಐದೈದು ವರ್ಷಕ್ಕೆ ಮುಂದುವರಿಸಿಕೊಳ್ಳಬೇಕು. ಲೆಕ್ಕ ಹಾಕಿ ನೋಡಿ: 1995ರ ಮಹೀಂದ್ರ ಎಂಎಂ 540 ಜೀಪು ಆರ್‌ಟಿಒದ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಬೇಕಾದದ್ದು 2010, 2015, 2020 ಮತ್ತು 2025ರಲ್ಲಿ. ಮೂವತ್ತು ವರ್ಷಕ್ಕೆ ನಾಲ್ಕೇ ಸಲ. ಹಳದಿ ಬೋರ್ಡಿನದಾದರೆ ಎಂಟು ವರ್ಷ ತುಂಬಿದ ಮೇಲೆ ಪ್ರತಿ ವರ್ಷವೂ ಎಫ್‌ಸಿ. ಹಾಗಾಗಿ ಕೊಡಚಾದ್ರಿಗೋ ಮಾಂದಲಪಟ್ಟಿಗೋ ಪ್ರವಾಸಿಗರನ್ನು ಹೊತ್ತ ಜೀಪಿನ ಕಾಗದವೇ ಹೆಚ್ಚು ದಪ್ಪ. ಆದರೆ ಅದು ಹತ್ತಿದ ದಾರಿಯನ್ನು ಕಂಡವರು ಕಾಗದ ಬಿಚ್ಚುವ ಮೊದಲೇ ಎದ್ದು ಹೋಗುತ್ತಾರೆ.

ಬ್ರಿಟನ್ನಿನಲ್ಲಿ ಯಾರು ಬೇಕಾದರೂ ಗಾಡಿ ನಂಬರ್ ಒತ್ತಿ, 2005ರಿಂದೀಚೆಗೆ ಅದು ಯಾವ ತಪಾಸಣೆಯಲ್ಲಿ ಫೇಲಾಯಿತು, ಯಾಕೆ, ಆಗ ಮೀಟರ್ ಎಷ್ಟು ತೋರಿಸುತ್ತಿತ್ತು ಎಂಬುದನ್ನೆಲ್ಲ ಪುಕ್ಕಟೆ ಓದಬಹುದು. ನಮ್ಮ ಸರ್ಕಾರದ ಎಂ-ಪರಿವಾಹನ್ ಆ್ಯಪ್ ಹೇಳುವುದು ಎಫ್‌ಸಿ ಎಲ್ಲಿಯವರೆಗೆ ಎಂಬ ಒಂದು ತಾರೀಖು. ಯಾವುದಕ್ಕೆ ವಾಪಸ್ ಕಳಿಸಿದರು, ಏನು ಬದಲಾಯಿಸಿದ ಮೇಲೆ ಪಾಸು ಮಾಡಿದರು, ಒಂದಕ್ಷರ ಇಲ್ಲ. ಕಂಪ್ಯೂಟರಿನಲ್ಲಿ ಇಷ್ಟೆಲ್ಲ ತುಂಬಿಸಿಕೊಂಡವರಿಗೆ ಆ ಎರಡು ಸಾಲು ಭಾರವಾಯಿತೇ? ಮೀಟರಂತೂ ಕೇಳಲೇಬೇಡಿ, ಹಳೇ ಜೀಪಿನ ಸ್ಪೀಡೋಮೀಟರ್ ಕೇಬಲ್ ತುಂಡಾಗಿ ಎಷ್ಟು ವರ್ಷವಾಯಿತೆಂಬುದು ಮಾಲೀಕರಿಗೇ ಮರೆತುಹೋಗಿರುತ್ತದೆ.

ಆದರೂ ಆ ಒಂದು ತಾರೀಖನ್ನು ಸ್ವಲ್ಪ ಹಿಂಡಬಹುದು. ಮೊದಲ ನೋಂದಣಿಯ ದಿನಕ್ಕೆ ಹದಿನೈದು ಕೂಡಿಸಿ, ಅಲ್ಲಿಂದ ಐದರ ಮಗ್ಗಿ ಹೇಳುತ್ತ ಬನ್ನಿ. ಕೊನೆಯ ತಾರೀಖು ಮಗ್ಗಿಗೆ ಕೂಡದೆ ಒಂದೆರಡು ವರ್ಷ ಆಚೀಚೆಯಾದರೆ, ನಡುವೆ ಜೀಪು ಶೆಡ್ಡಿನಲ್ಲಿ ಮಲಗಿತ್ತೋ ಎಫ್‌ಸಿ ಇಲ್ಲದೆ ತೋಟದೊಳಗೆ ಗೊಬ್ಬರ ಹೊರುತ್ತಿತ್ತೋ ಕೇಳಿ. ನಂತರ ಆರ್‌ಟಿಒ ಕಚೇರಿಯಿಂದ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಗಾಡಿಯ ನೋಂದಣಿ ದಾಖಲೆಯ ಪ್ರತಿ, ತೆಗೆಸಿ. ಎಷ್ಟು ಕೈ ಬದಲಾಗಿದೆ, ಸಾಲ ತೀರಿದ್ದು ದಾಖಲಾಗಿದೆಯೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ. ಮುಖ್ಯವಾಗಿ ಎಂಜಿನ್ ಸಿಸಿ ನೋಡಿ. ಕಾಗದದಲ್ಲಿ 2112 ಎಂದಿದ್ದರೆ ಅದು ಪ್ಯೂಜೋ ಎಂಜಿನ್. ಬಾನೆಟ್ ಎತ್ತಿದಾಗ 2523 ಸಿಸಿಯ ಡಿಐ ಎಂಜಿನ್ ಕೂತಿದ್ದರೆ ಮುಂದಿನ ಎಫ್‌ಸಿಯ ದಿನ ಜಗಳ ನಿಮ್ಮದು, ಮಾರಿದವರದಲ್ಲ.

ಇನ್ನು ಕರಿ ಪೇಂಟು. ಎಫ್‌ಸಿಯ ಹಿಂದಿನ ಸಂಜೆ ಈ ನಾಡಿನ ಗ್ಯಾರೇಜುಗಳಲ್ಲಿ ಎಷ್ಟು ಲೀಟರ್ ಕರಿ ಪೇಂಟು ಚಾಸಿಗೆ ಏರುತ್ತದೆಂದು ಲೆಕ್ಕವಿಟ್ಟವರಿಲ್ಲ. ಕೆಸರು ಕೆರೆದು ತೆಗೆಯುವಷ್ಟು ತಾಳ್ಮೆ ಯಾರಿಗಿದೆ? ಕೆಸರಿನ ಮೇಲೇ ಒಂದು ಕೋಟ್, ತುಕ್ಕಿನ ಮೇಲೆ ಒಂದು ಕೋಟ್, ಬ್ರೇಕ್ ಹೋಸಿಗೆ, ಗ್ರೀಸ್ ನಿಪ್ಪಲ್ಲಿಗೆ, ಸೈಲೆನ್ಸರಿಗೂ ಒಂದೊಂದು ಕೋಟ್. ಅಡಿಯಲ್ಲಿ ಮಲಗಿ ನೋಡಿದರೆ ಜೀಪು ಅಜ್ಜನ ತಲೆಗೂದಲಿಗೆ ಬಣ್ಣ ಹಚ್ಚಿದ ಹಾಗೆ, ಬುಡದ ಚರ್ಮವೂ ಕಪ್ಪು. ಆದರೆ ಎಲ್ಲ ಕಪ್ಪೂ ಮೋಸದ್ದಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಬಳಸಿದ ಎಂಜಿನ್ ಆಯಿಲನ್ನು ಅಡಿಗೆಲ್ಲ ಹೊಡೆಸುವ ರೂಢಿಯಿದೆ. ಅದು ಜಿಡ್ಡು, ಬೆರಳಿಗೆ ಅಂಟುತ್ತದೆ, ಧೂಳು ಹಿಡಿಯುತ್ತದೆ, ಒಳಗಿನ ಕಬ್ಬಿಣ ಉಳಿಯುತ್ತದೆ. ಹಾಗೆ ಹೊಲಸಾಗಿರುವ ಚಾಸಿ ಕಂಡರೆ ಸಂತೋಷಪಡಿ. ಒಣಗಿ ಫಳಫಳ ಹೊಳೆಯುವ ಕಪ್ಪನ್ನು ಕಂಡಾಗ ಮಾತ್ರ ಸಣ್ಣ ಸುತ್ತಿಗೆ ಹೊರಗೆ ಬರಲಿ. ಹಿಂದಿನ ಸ್ಪ್ರಿಂಗ್ ಶಾಕಲ್ (ಸ್ಪ್ರಿಂಗನ್ನು ಚಾಸಿಗೆ ಹಿಡಿಯುವ ಕೊಂಡಿ) ಕೂರುವ ಜಾಗ, ಬಾಡಿ ಚಾಸಿಗೆ ಬೋಲ್ಟಾಗುವ ಬ್ರಾಕೆಟ್, ಬ್ಯಾಟರಿ ಟ್ರೇಯ ಕೆಳಭಾಗ, ಈ ಮೂರು ಕಡೆ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಡಬ್ ಎಂದು ಕರಿ ಚಕ್ಕೆ ಉದುರಿದರೆ ಒಳಗೆ ಪದರ ಪದರ ತುಕ್ಕಿದೆ. ಬಾಡಿ ನೋಡಲು ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಸಾಕು. ಅಂಟದ ಕಡೆ ಪುಟ್ಟಿ ತುಂಬಿದ್ದಾರೆ. ಮಾಲೀಕರಿಗೆ ಸಿಟ್ಟು ಬರುತ್ತದೆ. ಬರಲಿ. ಚಾಸಿ ನಂಬರಿನ ಮೇಲೆ ಮಾತ್ರ ಪೇಂಟು ಸವರಿಕೊಂಡು ಗ್ರೈಂಡರ್ ಗುರುತೂ ಕಂಡರೆ ಸುತ್ತಿಗೆ ಚೀಲಕ್ಕೆ ಹಾಕಿ ಮನೆಗೆ ಹೊರಡಿ.

ಎಮಿಷನ್ ಸರ್ಟಿಫಿಕೇಟಿನ ಕಥೆಯೂ ಇದರ ತಮ್ಮನೇ. ಹಳೇ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಹಾರ್ಟ್‌ರಿಡ್ಜ್; ಹೊಗೆ ಎಷ್ಟು ದಟ್ಟ ಎಂದು ಅಳೆಯುವ ಮಾನ ಅದು. ಪರೀಕ್ಷೆಗೆ ಮುಂಚೆ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಕಡಿಮೆ ಮಾಡುವುದು, ಚೀಟಿ ಕೈಗೆ ಬಂದ ಮೇಲೆ ಮೊದಲಿನಂತೆ ತಿರುಗಿಸುವುದು. ಪಂಪಿನ ಸೀಲ್ ತಂತಿ ಇದೆಯೇ ನೋಡಿ; ಇರುವುದಿಲ್ಲ. ಚೀಟಿಯನ್ನು ಬಿಟ್ಟು, ಬೆಳಗ್ಗೆ ತಣ್ಣಗಿರುವಾಗ ಹೋಗಿ ಸ್ಟಾರ್ಟ್ ಮಾಡಿ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ.

ಸರ್ಕಾರಿ ಇಲಾಖೆಯಲ್ಲಿದ್ದ ಜೀಪೆಂದು ಯಾರಾದರೂ ಆಸೆ ತೋರಿಸಿದರೆ ನೆನಪಿರಲಿ: 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ. ಎಫ್‌ಸಿ ಮುಗಿಯುತ್ತ ಬಂದಿದ್ದರೆ ಶುಲ್ಕವನ್ನೂ ಬೆಲೆಯಲ್ಲಿ ಕಳೆಯಿರಿ. ಲಘು ವಾಹನಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಇತ್ತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000 ಆಯಿತು.

ಇಷ್ಟೆಲ್ಲ ನೋಡಿದ ಮೇಲೂ ಒಂದು ಸಂಗತಿ ಯಾವ ಕಾಗದದಲ್ಲೂ ಸಿಗುವುದಿಲ್ಲ. ಲೈಟು, ಹಾರನ್, ಬ್ರೇಕು, ಹೊಗೆ ನೋಡುವ ಎಫ್‌ಸಿಯಲ್ಲಿ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ವ್ಯವಸ್ಥೆ, ಕೆಲಸ ಮಾಡುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಜೀಪು ಕೊಳ್ಳುವುದೇ ಅದಕ್ಕಾಗಿ! ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ಆಫ್ ಇರಲಿ, ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಕೂಡಿಸುವ ಹಬ್ ಲಾಕ್ ಇದ್ದರೆ ಲಾಕ್ ಮಾಡಿ, ಲಿವರನ್ನು ಫೋರ್‌ಗೆ ಹಾಕಿ. ಈಗ ಮುಂದಿನ ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗಬೇಕು, ಮುಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತುಸು ಅಲುಗಿ ನಿಂತುಬಿಡಬೇಕು. ಶಾಫ್ಟ್ ಸಲೀಸಾಗಿ ತಿರುಗುತ್ತಲೇ ಇದ್ದರೆ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ಗೇರ್ ಕೂಡುತ್ತಿಲ್ಲ. ಶಾಫ್ಟ್ ನಿಂತಿದ್ದೂ ಎರಡನೇ ಚಕ್ರ ಸುಮ್ಮನಿದ್ದರೆ ಒಳಗಿನ ಆಕ್ಸಲ್ ಶಾಫ್ಟನ್ನು ಯಾರೋ ಎಂದೋ ಕಳಚಿಟ್ಟಿರಬಹುದು. ಚಕ್ರ ಎತ್ತಿದ್ದೇ ಆಯಿತಲ್ಲ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಕಟಕ್ ಎಂದರೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ) ಇಲ್ಲವೇ ವೀಲ್ ಬೇರಿಂಗ್ ಸವೆದಿದೆ. ಬೆಲೆಯ ಮಾತನ್ನು ಜೀಪು ಸ್ಟ್ಯಾಂಡಿನಿಂದ ಇಳಿಯುವ ಮೊದಲೇ ಮುಗಿಸಿ.