ಬೆವರೂ ಬೇಡ, ಪದಕವೂ ಬೇಡ

ಆಡಲು ಬಂದರೆ ಸಾಲದು, ಫೋಟೊ ಹಾಕಲೂ ಬರಬೇಕು. ಈ ವಿದ್ಯೆಯಲ್ಲಿ ನಮ್ಮ ಆಟಗಾರ್ತಿಯರು ಇನ್ನೂ ಹಿಂದೆ. ತಿದ್ದುವ ಹೊಣೆ ಸೋಫಾ ಮೇಲೆ ಕೂತ ನಮ್ಮಂಥವರದು. ನೀವು ಮೈದಾನಕ್ಕಿಳಿದು ಎಷ್ಟು ವರ್ಷವಾಯಿತು ಎಂದೆಲ್ಲ ಕೇಳಬೇಡಿ. ಅಂಪೈರು ಬ್ಯಾಟು ಬೀಸಬೇಕೆಂದು ಎಲ್ಲಿ ಬರೆದಿದೆ?

ಮಿಥಾಲಿ ರಾಜ್ ಅವರನ್ನೇ ನೋಡಿ. 2017ರಲ್ಲಿ ನಾಯಕಿಯಾಗಿ ಭಾರತದ ಮಹಿಳಾ ಕ್ರಿಕೆಟ್ ತಂಡವನ್ನು ಲಾರ್ಡ್ಸ್‌ನ ವಿಶ್ವಕಪ್ ಫೈನಲ್‌ವರೆಗೆ ಕರೆದೊಯ್ದು 9 ರನ್ನಿಗೆ ಸೋತರು. ಅದನ್ನು ಬೇಕಾದರೆ ಮನ್ನಿಸೋಣ. ಆಮೇಲೆ ಕ್ರಿಕೆಟ್ ಅಕಾಡೆಮಿ ಉದ್ಘಾಟನೆಯ ಫೋಟೊ ಹಾಕಿದರಲ್ಲ, ಅದರಲ್ಲಿ ಅಂಗಿಯ ಮೇಲೆ ಬೆವರಿನ ಗುರುತು! ನಮ್ಮ ಪೈಕಿ ಒಬ್ಬ ಮಹನೀಯ ಪತ್ತೆಹಚ್ಚಿ ಊರಿಗೆಲ್ಲ ಸಾರಿದ. ಮೈದಾನದಲ್ಲಿ ಬೆವರು ಸುರಿಸಿದ್ದಕ್ಕೇ ಇಲ್ಲಿಗೆ ಬಂದಿದ್ದೇನೆ, ಇದರಲ್ಲಿ ನಾಚಿಕೆ ಏನು ಬಂತು ಎಂದರು ಮಿಥಾಲಿ. ಕ್ರಿಕೆಟ್ ಆಡಿದರೆ ಬೆವರು ಬರುತ್ತದೆ ಎಂಬ ಮಾಹಿತಿ ನಮಗೆ ಸಿಕ್ಕಿದ್ದೇ ಆಗ. ಕೆಲ ದಿನ ಬಿಟ್ಟು ತೋಳಿಲ್ಲದ ಟಾಪ್ ತೊಟ್ಟ ಸೆಲ್ಫಿ ಹಾಕಿದರು, ಬೆವರಿನ ಸುಳಿವಿಲ್ಲ. ಕೂಡಲೇ ಸಂಸ್ಕೃತಿ ವಿಭಾಗದವರು ಡ್ಯೂಟಿಗೆ ಹಾಜರ್.

ಬೆವರು ಬೇಡ ಸರಿ, ಬೆವರಿನ ಫಲ ತೋರಿಸಬಹುದೇ? ಛೆ ಛೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಎರಡು ಕಂಚು ತಂದ ಶೂಟರ್ ಮನು ಭಾಕರ್, ಹೋದಲ್ಲೆಲ್ಲ ಅವನ್ನು ತೋರಿಸುತ್ತಾರೆಂದು ನಮಗೆ ಸಿಟ್ಟು ಬಂತು. ಕರೆದವರೇ ಪದಕ ತೋರಿಸಿ ಅನ್ನುತ್ತಾರಂತೆ, ಇವರು ಹೆಮ್ಮೆಯಿಂದ ತೋರಿಸುತ್ತಾರಂತೆ. ಇರಬಹುದು. ನಮ್ಮ ಲೇಔಟಿನ ಗಣೇಶೋತ್ಸವದಲ್ಲಿ ಕೇರಂ ರನ್ನರ್‌ಅಪ್ ಕಪ್ ಗೆದ್ದ ನಾವು ಹಾಗೆ ಹೊತ್ತು ತಿರುಗಿದೆವೇ? ಶೋಕೇಸಿನಲ್ಲಿಟ್ಟು, ಕಾಫಿಗೆ ಬಂದವರನ್ನು ಅದರ ಎದುರು ಕೂರಿಸುತ್ತೇವೆ, ಅಷ್ಟೆ.

ಆದರೆ ಆಕೆ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಜತೆ ನಿಂತು ಮಾತಾಡಿದ ವಿಡಿಯೊ ಸಿಕ್ಕಿದಾಗ ನಮ್ಮ ಔದಾರ್ಯ ನೋಡಬೇಕಿತ್ತು. ಛತ್ರ ಬುಕ್ ಮಾಡುವುದೊಂದು ಬಾಕಿ. ಮಗಳಿನ್ನೂ ಚಿಕ್ಕವಳು, ಮದುವೆಯ ಯೋಚನೆಯೇ ಇಲ್ಲ ಎಂದು ಅಪ್ಪ ಸ್ಪಷ್ಟನೆ ಕೊಡಬೇಕಾಯಿತು. ಗುಂಡು ಗುರಿ ಮುಟ್ಟಿತೇ ಎಂದು ನೋಡಲು ಇಷ್ಟು ಜನ ಸೇರಿರಲಿಲ್ಲವೇನೋ.

ಯೂರೋಪಿನವರು ಈ ವಿಷಯದಲ್ಲಿ ಮುಂದುವರಿದವರು. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡದ ಹೆಣ್ಣುಮಕ್ಕಳು ಬಿಕಿನಿ ಬಿಟ್ಟು ಚಡ್ಡಿ ಹಾಕಿಕೊಂಡು ಆಡಿದ್ದಕ್ಕೆ, ಅಂದರೆ ಮೈ ಹೆಚ್ಚು ಮುಚ್ಚಿಕೊಂಡ ತಪ್ಪಿಗೆ, 1,500 ಯೂರೊ ದಂಡ ಹಾಕಿದರು. ಅಲ್ಲಿ ಈ ಕೆಲಸಕ್ಕೆ ಸಮಿತಿ, ನಿಯಮ ಎಲ್ಲ ಇದ್ದವು. ನಾವು ಪಾಪ, ಸ್ವಂತ ಡೇಟಾ ಖರ್ಚು ಮಾಡಿಕೊಂಡು ಪುಕ್ಕಟೆ ದುಡಿಯುತ್ತಿದ್ದೇವೆ.