ಶಿರಾ ಗೇಟಿನಿಂದ ಐಸ್‌ಕ್ರೀಂವರೆಗೆ

ಮೆಟ್ರೋ ಮತ್ತೆ ತುಮಕೂರಿಗೆ ಬಂತು. ಪೇಪರಿನಲ್ಲಿ. ನಮ್ಮೂರಿಗೆ ಅದು ಬರೋದೇ ಹೀಗೆ. 2024ರ ಬಜೆಟ್‌ನಲ್ಲಿ ಒಂದು ಸಲ ಬಂತು. ಸಾಧ್ಯಾಸಾಧ್ಯತೆ ವರದಿ ಅಂತ ಇನ್ನೊಂದು ಸಲ ಬಂತು. ಈಗ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿಯ ಹೆಸರಲ್ಲಿ ಬಂದಿದೆ. ಬೆಂಗಳೂರು ಮೆಟ್ರೋದ ಹಸಿರು ಮಾರ್ಗ ಮುಗಿಯೋ ಮಾದಾವರದಿಂದ ಹೊರಟು ನೆಲಮಂಗಲ, ದಾಬಸ್‌ಪೇಟೆ, ಕ್ಯಾತ್ಸಂದ್ರ ದಾಟಿ ನಮ್ಮೂರಿನ ಶಿರಾ ಗೇಟ್‌ವರೆಗೆ ಹತ್ತಿರ ಹತ್ತಿರ 60 ಕಿಲೋಮೀಟರ್. ಒಂದು ಕಂಬವೂ ಎದ್ದಿಲ್ಲ, ಸೈಟಿನ ರೇಟು ಮಾತ್ರ ಆಗಲೇ ಎದ್ದು ಕೂತಿದೆ. 'ಮೆಟ್ರೋಗೆ ಐದೇ ನಿಮಿಷ ಸಾರ್' ಅಂತ ಬ್ರೋಕರ್‌ಗಳು ರಾಗಿ ಹೊಲ ತೋರಿಸುತ್ತಿದ್ದಾರೆ.

ನನಗೆ ಇದರಲ್ಲಿ ತಕರಾರಿಲ್ಲ. ತಕರಾರು ಮಾಡಿದರೆ ಅಭಿವೃದ್ಧಿ ವಿರೋಧಿ ಅಂತಾರೆ. ಯಾಕೆ ಬೇಕು ಅಂತ ಮಾತ್ರ ಬಿ.ಎಚ್. ರಸ್ತೆಯ ಟೀ ಅಂಗಡಿಯಲ್ಲಿ ಸುಮ್ನೆ ಕೇಳಿದೆ. ಒಬ್ಬರು ಉದ್ಯೋಗ ಅಂದರು. ಉದ್ಯೋಗಕ್ಕೆ ಹೋಗೋರು ಬೆಳಗಿನ ರೈಲು ಹತ್ತಿ, ಅರ್ಧ ದಾರಿ ಇಸ್ಪೀಟು, ಅರ್ಧ ದಾರಿ ನಿದ್ದೆ ಅಂತ ಎಷ್ಟೋ ವರ್ಷದಿಂದ ಸಂಸಾರ ಸಾಗಿಸುತ್ತಿದ್ದಾರೆ. ಇನ್ನೊಬ್ಬರು ಕೈಗಾರಿಕೆ ಅಂದರು. ದೊಡ್ಡ ಕೈಗಾರಿಕಾ ಪ್ರದೇಶ ಇರೋದು ವಸಂತನರಸಾಪುರದಲ್ಲಿ, ಶಿರಾ ಗೇಟಿನಿಂದ ಇನ್ನೂ ಆಚೆ. ಮೂರನೆಯವರು ಬನ್ನನ್ನ ಟೀಗೆ ಅದ್ದುತ್ತಾ ನಿಜ ಹೇಳಿಬಿಟ್ಟರು: 'ಭಾನುವಾರ ಮಕ್ಕಳನ್ನ ಕರ್ಕೊಂಡ್ ಹೋಗಿ ಒಂದು ಐಸ್‌ಕ್ರೀಂ ಕೊಡಿಸ್ಕೊಂಡ್ ಬರಬೋದಲ್ಲ ಸಾರ್.'

ಸಾವಿರಾರು ಕೋಟಿಯ ಯೋಜನೆಗೆ ಇಷ್ಟು ಪ್ರಾಮಾಣಿಕ ಕಾರಣ ಯಾವ ವರದಿಯಲ್ಲೂ ಸಿಗಲ್ಲ.

ಸರಿ, ಐಸ್‌ಕ್ರೀಮಿಗೆ ಹೋಗೋಣ. ನಿಂತು ನಿಂತು ಹೋಗುವ ಮೆಟ್ರೋಗೆ ಗಂಟೆಗೆ 35 ಕಿಲೋಮೀಟರ್ ಅಂತ ಹಿಡಿಯಿರಿ. ಶಿರಾ ಗೇಟಿನಿಂದ ಮಾದಾವರ ಮುಟ್ಟೋಕೇ ಒಂದೂಮುಕ್ಕಾಲು ಗಂಟೆ. ಅಲ್ಲಿಂದ ಹಸಿರು ಮಾರ್ಗದಲ್ಲಿ ವಿ.ವಿ. ಪುರಂ ತಿಂಡಿ ಬೀದಿ ಹತ್ತಿರದ ನ್ಯಾಷನಲ್ ಕಾಲೇಜ್ ಸ್ಟೇಷನ್‌ಗೆ ಇನ್ನೊಂದು ಮುಕ್ಕಾಲು ಗಂಟೆ. ಒಟ್ಟು ಎರಡೂವರೆ. ಇನ್ನು ದುಡ್ಡು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ, ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಹೋಯಿತು. ಅದು ಬೆಂಗಳೂರಿನೊಳಗಿನ ಗರಿಷ್ಠ. ನಮಗೂ ಅಷ್ಟೇ ಅಂತ ಕನಸು ಕಂಡರೂ ಗಂಡ, ಹೆಂಡತಿ, ಇಬ್ಬರು ಮಕ್ಕಳು ಹೋಗಿ ಬರೋಕೆ 720 ರೂಪಾಯಿ. ಇದೇ ಹೆಂಡತಿ ಕೆಂಪು ಬಸ್ಸು ಹತ್ತಿದರೆ ಶಕ್ತಿ ಯೋಜನೆಯಲ್ಲಿ ಫ್ರೀ. ಅಂದರೆ ಒಂದು ಕೈಯಲ್ಲಿ ಸರ್ಕಾರ ಅವಳನ್ನ ಪುಕ್ಕಟೆ ಕಳಿಸುತ್ತೆ, ಇನ್ನೊಂದು ಕೈಯಲ್ಲಿ ಅವಳಿಗಾಗಿ ಮೇಲ್ಸೇತುವೆ ಕಟ್ಟುತ್ತೆ. ಇಷ್ಟು ಮರ್ಯಾದೆ ತವರುಮನೆಯಲ್ಲೂ ಸಿಕ್ಕಿರಲ್ಲ.

ಆದರೆ ನಿಜವಾದ ಪಾಡು ವಾಪಸ್ ಬರುವಾಗ. ಮೆಟ್ರೋ ಒಳಗೆ ತಿನ್ನುವಂತಿಲ್ಲ. 2025ರಲ್ಲಿ ಇದೇ ಮಾದಾವರ ಕಡೆಯ ರೈಲಿನಲ್ಲಿ ತಿಂದರು ಅಂತ ಪ್ರಯಾಣಿಕರೊಬ್ಬರಿಗೆ 500 ರೂಪಾಯಿ ದಂಡ ಬಿತ್ತು, ನೆನಪಿದೆಯಲ್ಲ? ನಮ್ಮ ಜನದ ಕಥೆ ಯೋಚಿಸಿ. ರೈಲು ಯಶವಂತಪುರ ಬಿಡುವ ಮೊದಲೇ ಡಬ್ಬಿ ಬಿಚ್ಚೋ ಜನ. ಎದುರಿಗೆ ಕೂತ ಅಪರಿಚಿತರಿಗೂ 'ತಗೊಳ್ಳಿ, ಮನೇಲೇ ಮಾಡಿದ್ದು' ಅಂತ ಚಕ್ಕುಲಿ ಕೊಟ್ಟು, ಊರು ಯಾವುದು, ಮಗಳಿಗೆ ಮದುವೆ ಆಯ್ತಾ ಅಂತ ಕೇಳದೆ ಗೊಲ್ಲಹಳ್ಳಿ ದಾಟಿದವರಲ್ಲ. ಅಂಥವರ ತೊಡೆಯ ಮೇಲೆ ಬಿಸಿ ಹೋಳಿಗೆಯ ಪೊಟ್ಟಣ ಇಟ್ಟು, ಎ.ಸಿ. ಹಾಕಿ, ಎರಡೂವರೆ ಗಂಟೆ ಮುಟ್ಟಬೇಡಿ ಅನ್ನೋದು ಶಿಕ್ಷೆ. ನನ್ನ ಸಲಹೆ ಇಷ್ಟೇ: ತುಮಕೂರಿನವರಿಗೆ ತಿಂಗಳ ಪಾಸಿನ ಜೊತೆಗೇ ತಿಂಗಳ ದಂಡವನ್ನೂ ಸೇರಿಸಿ ರಿಯಾಯಿತಿ ದರದಲ್ಲಿ ಕೊಟ್ಟುಬಿಡಲಿ. ಕಡೇ ಬೋಗಿಯಲ್ಲಿ ನೆಮ್ಮದಿಯಾಗಿ ತಿಂತೀವಿ.

ಹೋದ ಮೇಲೆ ತಿನ್ನೋಕೇನಿದೆ? ಬೇಕಾದಷ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ತಿಂಡಿ ಬೀದಿಯ ಹೋಳಿಗೆ ಅಂಗಡಿ ಮುಂದೆ ನಿಂತು ನೋಡಿ. ಎಣ್ಣೆ ಸವರಿದ ಹಾಳೆ ಮೇಲೆ ಹೂರಣ ತುಂಬಿದ ಕಣಕದ ಉಂಡೆ ಬೀಳುತ್ತೆ. ಎರಡು ಬೆರಳು ಸುತ್ತ ಓಡಾಡಿದ್ದು ಕಾಣುತ್ತೆ, ಅಷ್ಟರಲ್ಲಿ ಹಾಳೆ ಸಮೇತ ಕಾವಲಿ ಮೇಲೆ ಬೋರಲು. ಹಾಳೆ ಎಳೆದ ಕೂಡಲೇ ಅಂಚು ಉಬ್ಬುತ್ತೆ, ನಡುವೆ ಕಂದು ಚುಕ್ಕೆ ಏಳುತ್ತೆ, ಮೇಲೆ ಒಂದು ಸುತ್ತು ತುಪ್ಪ. ಇಷ್ಟು ಕೈಚಳಕಕ್ಕೆ ಸಲಾಂ ಹೊಡೆಯಬೇಕು. ಆಮೇಲೆ ಏನಾಗುತ್ತೆ ಅಂದ್ರೆ, ಆ ಹೋಳಿಗೆಯನ್ನ ಯಾರೂ ತಿನ್ನಲ್ಲ. ಒಬ್ಬ ಹಿಡಿದುಕೊಳ್ಳುತ್ತಾನೆ, ಇನ್ನೊಬ್ಬ ಮೊಬೈಲಿನ ಲೈಟು ಹಾಕುತ್ತಾನೆ, ಮೂರನೆಯವಳು ಮುರಿಯುತ್ತಾಳೆ, 'ಇನ್ನೊಂದ್ ಸಲ ಮುರಿ, ಹೊಗೆ ಬರ್ಲಿಲ್ಲ' ಅಂತ ಮತ್ತೊಂದು ಆರ್ಡರ್ ಆಗುತ್ತೆ. ಹಿಂದೆ ನಿಂತ ನಾವು ಉಗಾದಿಗೆ ಮನೆಯಲ್ಲಿ ಕೊಳಗ ಕೊಳಗ ಹೋಳಿಗೆ ತಿಂದವರು, ಕೂಪನ್ ಹಿಡ್ಕೊಂಡು ಅವರ ಹೊಗೆಗೆ ಕಾಯಬೇಕು.

ಪಕ್ಕದಲ್ಲೇ ಬೆಣ್ಣೆ ಗುಲ್ಕನ್. ಚಳಿಗಾಲದಲ್ಲಿ ಅವರೆಬೇಳೆ ಮೇಳ, ಅದರಲ್ಲಿ ಅವರೆಬೇಳೆ ಜಿಲೇಬಿ, ಅವರೆಬೇಳೆ ಐಸ್‌ಕ್ರೀಂ. ಮನೆಯಲ್ಲಿ ಹಿತಕಿದ ಬೇಳೆ ಸಾರು ಮಾಡಿದರೆ ಮೂಗು ಮುರಿಯೋ ಹುಡುಗರು ಅಲ್ಲಿ ಅವರೆಬೇಳೆ ಐಸ್‌ಕ್ರೀಂ ಕಪ್ಪನ್ನ ಕೆರೆದು ನೆಕ್ಕುತ್ತಾರೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಎಂ.ಜಿ. ರೋಡಿನಲ್ಲಿ ಇಳಿದರೆ ಚರ್ಚ್ ಸ್ಟ್ರೀಟ್, ಅದರ ತುದಿಯಲ್ಲಿ 1972ರಿಂದ ಇರುವ ಕೆ.ಸಿ. ದಾಸ್ ರಸಗುಲ್ಲ. ಸ್ವಲ್ಪ ನಡೆದರೆ ರೆಸಿಡೆನ್ಸಿ ರೋಡಿನ ಕಾರ್ನರ್ ಹೌಸ್, 1982ರಲ್ಲಿ ಶುರುವಾದದ್ದು, ಚಾಕೊಲೇಟು, ಕೇಕು, ಐಸ್‌ಕ್ರೀಂ ಒಂದರ ಮೇಲೊಂದು ಪೇರಿಸಿದ ಡಿಬಿಸಿ (ಡೆತ್ ಬೈ ಚಾಕೊಲೇಟ್) ಅಂದರೆ ಮೂರು ತಲೆಮಾರಿಗೂ ಗೊತ್ತು. ಇವೆಲ್ಲ ನಿಜಕ್ಕೂ ಚೆನ್ನಾಗಿವೆ. ಬೈಯೋಕೆ ಏನೂ ಸಿಗದೆ ನನಗೇ ಬೇಜಾರಾಗುತ್ತೆ.

ಬೈಯೋಕೆ ಸಿಕ್ಕಿದ್ದು ಬೇರೆ ಕಡೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಕ್ಕನ ಮಗಳು 'ಮಾಮ, ನೀವು ಯಾವಾಗ್ಲೂ ಹಳೇ ಜಾಗಕ್ಕೇ ಹೋಗ್ತೀರ' ಅಂತ ಹೊಸ ಕೆಫೆಯೊಂದಕ್ಕೆ ಕರೆದುಕೊಂಡು ಹೋದಳು. ಹೆಸರು ಬೇಡ. ಗೋಡೆಗೆ ಸುಣ್ಣ ಇಲ್ಲ, ಸಿಮೆಂಟೇ ಕಾಣುತ್ತೆ. ನಮ್ಮಲ್ಲಿ ದುಡ್ಡು ಸಾಲದೆ ಹಾಗೆ ಬಿಟ್ಟಿರುತ್ತೇವೆ, ಅಲ್ಲಿ ದುಡ್ಡು ಕೊಟ್ಟು ಹಾಗೆ ಮಾಡಿಸಿದ್ದಾರೆ. ಮೆನುವಿನಲ್ಲಿ 'ತಿಪಟೂರು ಕೋಕೊನಟ್ ಟಾರ್ಟ್' ಅಂತಿತ್ತು. ನಮ್ಮ ಜಿಲ್ಲೆಯದು ಅನ್ನೋ ಅಭಿಮಾನಕ್ಕೆ ಆರ್ಡರ್ ಮಾಡಿದೆ.

ತಟ್ಟೆ ಅಮಾನಿಕೆರೆಯಷ್ಟು ಅಗಲ. ನಡುಗಡ್ಡೆಯಲ್ಲಿ ಹೆಬ್ಬೆರಳುದ್ದದ ಒಂದು ಸಿಹಿ. ಅದರ ಮೇಲೊಂದು ಹೂವು, ತಿನ್ನಬೇಕೋ ಮುಡಿಯಬೇಕೋ ಗೊತ್ತಾಗಲಿಲ್ಲ. ಬಾಯಿಗೆ ಹಾಕಿದೆ. ಕೊಬ್ಬರಿ ಮಿಠಾಯಿ! ನಮ್ಮಮ್ಮ ಉಳಿದ ಕಾಯಿತುರಿಗೆ ಬೆಲ್ಲ ಹಾಕಿ ಬಾಣಲೆಯಲ್ಲಿ ತಿರುವಿ, ತುಪ್ಪ ಸವರಿದ ತಟ್ಟೆಗೆ ತಟ್ಟಿ, ಬಿಲ್ಲೆ ಕತ್ತರಿಸುವ ಮೊದಲೇ ನಾವು ಬಾಣಲೆ ಕೆರೆದು ಖಾಲಿ ಮಾಡುತ್ತಿದ್ದೆವಲ್ಲ, ಅದೇ. ಬಿಸ್ಕತ್ತಿನ ಬಟ್ಟಲಲ್ಲಿ ಕೂರಿಸಿದ್ದಾರೆ ಅಷ್ಟೇ. ಬೆಲೆ 390 ರೂಪಾಯಿ, ತೆರಿಗೆ ಬೇರೆ, ನಾವು ಉಸಿರಾಡಿದ್ದಕ್ಕೆ ಸರ್ವೀಸ್ ಚಾರ್ಜ್ ಬೇರೆ. ಬಡಿಸಿದ ಹುಡುಗ ಬಗ್ಗಿ, 'ಸಾರ್, ಕಾಯಿ ತಿಪಟೂರಿಂದಾನೇ ತರಿಸ್ತೀವಿ' ಅಂದ. ನಾನೂ ಅಲ್ಲಿಂದಾನೇ ಬಂದಿದ್ದೀನಪ್ಪ, ನನಗೆ ಯಾಕೆ ರೇಟು ಕಟ್ಟಲಿಲ್ಲ ಅಂದೆ. ಅಕ್ಕನ ಮಗಳು ಟೇಬಲ್ ಕೆಳಗೆ ಕಾಲು ಒದ್ದಳು. 'ಸುಮ್ನೆ ತಿನ್ನಿ ಮಾಮ. ಇಲ್ಲಿ ಲೆಕ್ಕ ಹಾಕಬಾರದು.'

ಲೆಕ್ಕ ಹಾಕದೆ ಇರೋಕಾಗುತ್ತಾ? 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲಿಗೆ 25 ಸಾವಿರ ದಾಟಿತು. ಊರೆಲ್ಲ ಬಾಯಿಬಾಯಿ ಬಿಟ್ಟಿತ್ತು, ಅಬ್ಬಾ ಎಂಥಾ ರೇಟು ಅಂತ. ಅಂದರೆ ಕಿಲೋಗೆ 250. ಗೊನೆ ಇಳಿಸಿ, ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಿ, ಸುಲಿಸಿ, ಮಂಡಿಗೆ ಹಾಕಿದ ರೈತನಿಗೆ ಚರಿತ್ರೆಯಲ್ಲೇ ಕಾಣದ ಬೆಲೆ ಸಿಕ್ಕ ವರ್ಷದಲ್ಲೂ ಒಂದು ಕಿಲೋ ಕೊಬ್ಬರಿಗೆ ಆ ಹೆಬ್ಬೆರಳು ಬರಲ್ಲ. ಹೂವು ತೆಗೆದುಕೊಡ್ತೀನಿ ಅಂದರೂ ಬರಲ್ಲ.

ಮಾತು ಬಂತು ಅಂತ ಹೇಳ್ತೀನಿ, ಕೊಬ್ಬರಿಗೆ ನಿಜವಾದ ಮರ್ಯಾದೆ ಕೊಟ್ಟವರು ಅಯ್ಯಂಗಾರ್ ಬೇಕರಿಯವರು. ಹಾಸನ ಕಡೆಯಿಂದ ಹೊರಟು 1898ರಲ್ಲಿ ಬೆಂಗಳೂರಿನ ಪೇಟೆಯಲ್ಲಿ ಒಲೆ ಹಚ್ಚಿದ ಆ ಜನ ಈಗ ಯಾವ ಊರಿನ ಯಾವ ಸರ್ಕಲ್ಲಿನಲ್ಲಿ ಇಲ್ಲ ಹೇಳಿ? ತುಮಕೂರಿನಲ್ಲಿ ಸಂಜೆ ನಾಲ್ಕೂವರೆಗೆ ದಿಲ್‌ಪಸಂದ್ ಟ್ರೇ ಹೊರಗೆ ಬರುತ್ತೆ. ದುಂಡಗೆ, ಮೇಲೆ ಹೊಂಬಣ್ಣ, ಒಳಗೆ ಸಕ್ಕರೆ ಹಾಕಿದ ಕಾಯಿತುರಿ, ನಡುನಡುವೆ ಕೆಂಪು ಹಸಿರು ಟೂಟಿಫ್ರೂಟಿ. ನಾಲ್ಕು ಭಾಗ ಮಾಡಿ ಹಳೇ ಪೇಪರ್ ತುಂಡಿನ ಮೇಲೆ ಇಡುತ್ತಾರೆ. ಅಂಚಿನಲ್ಲಿ ಸ್ವಲ್ಪ ಸೀದಿರುವ ಭಾಗ ಬೇಕು ಅಂತ ಕೇಳಿ ಪಡೆಯೋ ಗಿರಾಕಿಗಳಿದ್ದಾರೆ, ನಾನೂ ಒಬ್ಬ. ನಿಂತುಕೊಂಡೇ ತಿನ್ನಬೇಕು, ಪೇಪರಿನಲ್ಲಿ ಯಾವುದೋ ಜಾತಕ ಅರ್ಧ ಓದಬೇಕು, ಪುಡಿ ಅಂಗಿ ಮೇಲೆ ಬೀಳಬೇಕು. ಸರ್ವೀಸ್ ಚಾರ್ಜ್ ಇಲ್ಲ, ಸರ್ವೀಸೂ ಇಲ್ಲ. ಇಂಥ ಬೇಕರಿ, ಕಾಂಡಿಮೆಂಟ್ಸ್‌ನವರಿಗೇ 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸು ಹೋಗಿದ್ದು. ಹೆದರಿದವರು ಕ್ಯೂಆರ್ ಕೋಡ್ ಕಿತ್ತು ಒಳಗಿಟ್ಟು, ಬಿಸ್ಕತ್ ಡಬ್ಬದ ರಟ್ಟಿನ ಮೇಲೆ 'ಕ್ಯಾಶ್ ಮಾತ್ರ' ಅಂತ ಬರೆದು ನೇತುಹಾಕಿದರು. ಡಿಜಿಟಲ್ ಇಂಡಿಯಾ ಒಂದು ವಾರ ಚಿಲ್ಲರೆ ಹುಡುಕಿತು.

ಭಾನುವಾರದ ಇನ್ನೊಂದು ವೈಭವ ನೋಡಬೇಕು ಅಂದ್ರೆ ಬೆಳಗ್ಗೆ ಏಳಕ್ಕೆ ಕ್ಯಾತ್ಸಂದ್ರದಲ್ಲಿ ನಿಲ್ಲಿ. ಬೆಂಗಳೂರಿನಿಂದ ಲಕ್ಷಗಟ್ಟಲೆಯ ಬೈಕುಗಳಲ್ಲಿ, ಯುದ್ಧಕ್ಕೆ ಹೊರಟವರ ಥರ ಮಂಡಿಗೆ, ಮೊಣಕೈಗೆ ಕವಚ ಕಟ್ಟಿಕೊಂಡು ತಟ್ಟೆ ಇಡ್ಲಿಗೆ ಬರುತ್ತಾರೆ. 'ಅಣ್ಣ, ಬೆಣ್ಣೆ ಜಾಸ್ತಿ' ಅನ್ನುತ್ತಾರೆ. ತಿಂದು ದೇವರಾಯನದುರ್ಗ, ನಾಮದ ಚಿಲುಮೆ ಸುತ್ತಿ, ಜಿಂಕೆಗೆ ಚಿಪ್ಸ್ ಹಾಕಬಾರದು ಅನ್ನೋ ಬೋರ್ಡಿನ ಕೆಳಗೇ ಚಿಪ್ಸ್ ಪೊಟ್ಟಣ ಬಿಸಾಕಿ ಹೊರಡುತ್ತಾರೆ. ಅದೇ ಹೊತ್ತಿಗೆ ನಾವು ಮಕ್ಕಳಿಗೆ ತಲೆ ಬಾಚಿ ಐಸ್‌ಕ್ರೀಮಿಗೆ ಹೊರಡುತ್ತೇವೆ. ಇಡ್ಲಿ ತಿಂದವರು, ಐಸ್‌ಕ್ರೀಂ ತಿನ್ನುವವರು ಇಬ್ಬರೂ ಟೋಲ್‌ನಲ್ಲಿ ಅಕ್ಕಪಕ್ಕ. ಬೈಕಿನವರು ಪುಕ್ಕಟೆ ಹೋಗುತ್ತಾರೆ, ಕಾರಿನವರು ದುಡ್ಡು ಕಟ್ಟಿ ಮುಂದೆ ಹೋಗುತ್ತಾರೆ. ಆಮೇಲೆ ಪೀಣ್ಯ ಫ್ಲೈಓವರ್, ನಮ್ಮ ಸಿದ್ಧಗಂಗೆ ಶ್ರೀಗಳ ಹೆಸರಿನದು. ಕೇಬಲ್ ಕೆಟ್ಟಿದೆ ಅಂತ 2021ರ ಡಿಸೆಂಬರಿನಲ್ಲಿ ಮುಚ್ಚಿದ್ದು, ಲಾರಿ ಬಸ್ಸುಗಳಿಗೆ ಮತ್ತೆ ತೆರೆಯೋಕೆ 2024 ಆಗಬೇಕಾಯಿತು. ಇರುವ ಸೇತುವೆಗೇ ಇಷ್ಟು ಹೊತ್ತು ಹಿಡಿದವರು 60 ಕಿಲೋಮೀಟರ್ ಹೊಸ ಸೇತುವೆ ಕಟ್ಟಿಕೊಡ್ತಾರಂತೆ. ಕಟ್ಟಲಿ. ನನ್ನ ಮೊಮ್ಮಕ್ಕಳಿಗೆ ಹಲ್ಲು ಬಿದ್ದಿರುತ್ತೆ, ಐಸ್‌ಕ್ರೀಂ ತಿನ್ನೋಕೆ ಸುಲಭ.

ತಮಾಷೆ ಸಾಕು. ನಿಜ ಹೇಳಬೇಕು ಅಂದರೆ ಬೇಜಾರಾಗಿಹೋಗಿದೆ. ಈ ಜಿಲ್ಲೆಯ ಹಾಲು ಬೆಂಗಳೂರಿಗೆ ಹೋಗುತ್ತೆ, ಕಾಯಿ ಹೋಗುತ್ತೆ, ಹಲಸು ಹೋಗುತ್ತೆ. ಓದಿದ ಮಕ್ಕಳು ಹೋಗಿ ಎಷ್ಟೋ ಕಾಲ ಆಯಿತು. ಉಳಿದಿದ್ದು ಭಾನುವಾರದ ಸಂಜೆ ಒಂದು, ಅದನ್ನೂ ಸಾಗಿಸೋಕೆ ಈಗ ರೈಲು ಹಾಕುತ್ತಾರೆ. ಹೆಸರನ್ನೂ ಬೆಂಗಳೂರಿಗೆ ಸೇರಿಸಿಬಿಡೋಣ ಅನ್ನೋ ಮಾತೂ ಬಂದು ಹೋಯಿತು. ಹೇಮಾವತಿ ನೀರು ತಪ್ಪಿ ಹೋಗುತ್ತೆ ಅಂತ 2025ರ ಮೇನಲ್ಲಿ ಗುಬ್ಬಿ ಕಡೆಯ ರೈತರು ಬಿಸಿಲಲ್ಲಿ ಬೀದಿಗೆ ಬಂದಾಗ ಯಾರಿಗೂ ಇಷ್ಟು ಅವಸರ ಇರಲಿಲ್ಲ. ತುಮಕೂರಿನಿಂದ ರಾಯದುರ್ಗಕ್ಕೆ ರೈಲು, ದಾವಣಗೆರೆಗೆ ನೇರ ರೈಲು ಅಂತ ಮಂಜೂರಾಗಿ ಹತ್ತು ವರ್ಷದ ಮೇಲಾಯಿತು. ಕೆಲಸ ನಡೀತಾನೇ ಇದೆ. ಭೂಸ್ವಾಧೀನ ಅಂತಾರೆ, ಅನುದಾನ ಅಂತಾರೆ, ಮುಂದಿನ ವರ್ಷ ಅಂತಾರೆ. ಈ ಎರಡೂ ಹಳಿಗಳ ತುದಿಯಲ್ಲಿ ಬೆಂಗಳೂರು ಇಲ್ಲ. ಅದೇ ಅವುಗಳ ತಪ್ಪು ಅನ್ಸುತ್ತೆ.

ಪಾವಗಡ ನಮ್ಮದೇ ಜಿಲ್ಲೆ. ಅಲ್ಲಿನ ಹುಡುಗನೊಬ್ಬನಿಗೆ ಜಿಲ್ಲಾ ಕೇಂದ್ರ ನೋಡಬೇಕು, ಬಿ.ಎಚ್. ರಸ್ತೆಯಲ್ಲಿ ಒಂದು ಐಸ್‌ಕ್ರೀಂ ತಿನ್ನಬೇಕು ಅನ್ನಿಸಿದರೆ ಬಸ್ಸಿನಲ್ಲಿ ಮಧುಗಿರಿ ಮೇಲೆ ಹತ್ತಿರ ಹತ್ತಿರ ನೂರು ಕಿಲೋಮೀಟರ್ ಬರಬೇಕು. ನಡುವೆ ಆಂಧ್ರಪ್ರದೇಶ ಹಾದುಹೋಗುತ್ತೆ. ಐಸ್‌ಕ್ರೀಮಿಗಾಗಿ ಇನ್ನೊಂದು ರಾಜ್ಯ ದಾಟಿ ಬರುವ ಆ ಹುಡುಗನ ಊರಿಗೆ ಮೆಟ್ರೋ ಸರ್ವೆ ಮಾಡೋಕೆ ಯಾರೂ ಹೋಗಿಲ್ಲ. ಅವನಿಗೆ ಮೆಟ್ರೋ ಬೇಡವೂ ಬೇಡ. ಸಂಜೆ ಆರಕ್ಕೆ ಇನ್ನೊಂದು ಬಸ್ಸು ಬಿಟ್ಟರೆ ಸಾಕು, ತಿಂದು ಮನೆಗೆ ಹೋಗ್ತಾನೆ.